ಏಳು ಪ್ರಶ್ನೆಗೆ ಮೂರು ಬೀಗರು

"ಈ ಮನ್ಯಾಗ ಇನ್ನ ಮ್ಯಾಲೆ ಯಾವ ನಿರ್ಧಾರನೂ ಅಂದಾಜಿನ ಮ್ಯಾಲೆ ಆಗೂದಿಲ್ಲ! ಎಲ್ಲಾ ವಿಜ್ಞಾನದ ಪ್ರಕಾರ!"

ಹೀಗೆಂದು ನಾನು ಘೋಷಿಸಿದ್ದು ೧೯೮೧ರ ಜೂನ್ ಹದಿನಾಲ್ಕು, ರವಿವಾರ, ಬೆಳಗಿನ ಒಂಬತ್ತೂಕಾಲಿಗೆ. ನಾನು ರಸಾಯನಶಾಸ್ತ್ರದ ಬಿ.ಎಸ್ಸಿ. ಬಾಗಲಕೋಟೆಯ ಕುಡಿಯುವ ನೀರಿಗೆ ದಿನಾಲೂ ಎಷ್ಟು ಬ್ಲೀಚಿಂಗ್ ಪೌಡರ್ ಬೀಳಬೇಕೆಂದು ನಿರ್ಧರಿಸುವ ಮಹಾಹೊಣೆ ನನ್ನ ಹೆಗಲ ಮೇಲಿತ್ತು. ಊರು ನನ್ನನ್ನು 'ಪೌಡರ್ ಸಾಹೇಬ್ರು' ಎಂದು ಕರೆಯುತ್ತಿತ್ತು. ಪದವಿಗೆ ತಕ್ಕ ಬಿರುದು!

ಘೋಷಣೆಗೆ ಕಾರಣ ನನ್ನ ಮಗಳು ನೀಲಗಂಗಾ. ಪಿಯುಸಿ ಸೈನ್ಸ್ ಪಾಸಾದ ಮರುದಿನವೇ ಅವಳು, "ಅಪ್ಪಾ, ನಾ ಧಾರವಾಡಕ್ಕ ಹೋಗಿ ಭೂಗರ್ಭಶಾಸ್ತ್ರ ಓದತೇನಿ" ಅಂದಳು. ಆಕೆಗೆ ಕಲ್ಲಿನ ಹುಚ್ಚು. ಬಾದಾಮಿಯ ಕೆಂಪು ಕಲ್ಲು, ಇಳಕಲ್ಲಿನ ಗುಲಾಬಿ ಕಲ್ಲು, ಕೆರೂರ ಹಾದಿಯಲ್ಲಿ ಸಿಕ್ಕ ಹೆಸರಿಲ್ಲದ ಕಲ್ಲು, ಎಲ್ಲವೂ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಕುಳಿತಿದ್ದವು. ನನ್ನ ಹೆಂಡತಿ ಸುಂದರವ್ವನ ದೂರು ಬೇರೆ: "ಅಕ್ಕಿ ಆರಸು ಅಂದ್ರ ಕಲ್ಲು ತಾ ಇಟಗೊಂಡು ಅಕ್ಕಿ ನನಗ ಕೊಡತಾಳ್ರಿ!"

ನನ್ನ ಮತವೋ, ಬಿ.ಕಾಂ. ಓದಬೇಕು, ಬ್ಯಾಂಕು ಸೇರಬೇಕು, ಫ್ಯಾನಿನ ಕೆಳಗೆ ಕೂಡಬೇಕು.

"ಕಲ್ಲು ಓದಿದವ್ರಿಗೆ ಯಾರವ್ವಾ ನೌಕರಿ ಕೊಡತಾರ?"

"ನಿಮಗ ಹೆಂಗ ಗೊತ್ತು, ಕೊಡೂದಿಲ್ಲ ಅಂತ?"

"ಅದು... ಹಂಗ... ಅಂದಾಜು."

"ಸೈನ್ಸ್ ಓದಿದವ್ರು ಅಂದಾಜಿನ ಮ್ಯಾಲೆ ಮಾತಾಡ್ತೀರೇನಪ್ಪಾ?"

ಚುಚ್ಚಿತು! ಆಗಲೇ ಮೇಲಿನ ಘೋಷಣೆ ಹೊರಬಿದ್ದದ್ದು.

ಯೋಜನೆ ಸರಳ. ಸುತ್ತಲಿನ ನಾಲ್ಕು ಊರುಗಳ ಹತ್ತು ಪದವೀಧರರನ್ನು ಭೇಟಿಯಾಗುವುದು, ಏಳು ಪ್ರಶ್ನೆ ಕೇಳುವುದು, ನೂರಕ್ಕೆ ಮಾರ್ಕು ಹಾಕಿ ಗ್ರಾಫ್ ಹಾಳೆಗೆ ಇಳಿಸುವುದು. ಓದಿದ ವಿಷಯ ಯಾವುದು? ಕೆಲಸ ಯಾವುದು? ಸಂಬಳ ಎಷ್ಟು? ಕಾಯಮ್ಮೋ ತಾತ್ಪೂರ್ತಿಕವೋ? ಓದಿದ್ದು ಕೆಲಸಕ್ಕೆ ಬರುತ್ತದೆಯೇ? ವಿಷಯ ಆರಿಸುವಾಗ ಮನೆಯ ಹಿರಿಯರ ಒಪ್ಪಿಗೆ ಇತ್ತೇ? ಕಡೆಯದು, ಮನಸ್ಸಿಗೆ ಸಮಾಧಾನ ಇದೆಯೇ? ಸಂಬಳಕ್ಕೆ ಮೂವತ್ತು ಮಾರ್ಕು, ಕಾಯಮ್ಮಿಗೆ ಇಪ್ಪತ್ತು, ಓದಿನ ಉಪಯೋಗಕ್ಕೆ ಇಪ್ಪತ್ತು, ಸಮಾಧಾನಕ್ಕೆ ಮೂವತ್ತು. ಈ ಏಳು ಪ್ರಶ್ನೆಗಳನ್ನು ತಿದ್ದಿ ತೀಡುವುದರಲ್ಲಿ ನಾಲ್ಕು ದಿನ ಹೋಯಿತು. ಆ ನಾಲ್ಕು ದಿನ ಮನೆಯವರು ಏನು ಕೇಳಿದರೂ ತಲೆ ಎತ್ತದೆ "ಹ್ಞೂಂ" ಅಂದಿದ್ದೇನೆ.

ಇನ್ನು ಸಮೀಕ್ಷೆಯ ಶುದ್ಧತೆ. ಅಪರಿಚಿತರು ಸಂಬಳ ಖರೆ ಹೇಳುವುದಿಲ್ಲ, ಹಾಗಾಗಿ ನಮ್ಮ ಬಳಗದೊಳಗಿನ ಮನೆತನಗಳೇ ಬೇಕು. ವಯಸ್ಸಿನ ಅಂತರ ಹೆಚ್ಚಾದರೆ ಹೋಲಿಕೆ ಕೆಡುತ್ತದೆ, ಹಾಗಾಗಿ ಇಪ್ಪತ್ತೆರಡರಿಂದ ಇಪ್ಪತ್ತೆಂಟು. ಮದುವೆಯಾದವರ ಸಮಾಧಾನದಲ್ಲಿ ಬೇರೆ ಬೇರೆ ಅಂಶಗಳು ಬೆರೆತಿರುತ್ತವೆ, ಹಾಗಾಗಿ ಮದುವೆಯಾಗದವರು ಮಾತ್ರ! ಮೊದಲೇ ಉದ್ದೇಶ ಹೇಳಿದರೆ ಉತ್ತರ ಕಲುಷಿತವಾಗುತ್ತದೆ, ಹಾಗಾಗಿ ಹೇಳಕೂಡದು. ಯಾರಾದರೂ ಒತ್ತಾಯ ಮಾಡಿದರೆ, "ಮಗಳ ಸಲುವಾಗಿ ವಿಚಾರ ಮಾಡಾಕತ್ತೇನ್ರಿ, ಆಯ್ಕೆ ತಪ್ಪಬಾರದು ನೋಡ್ರಿ" ಎಂದಷ್ಟೇ ಹೇಳಬೇಕು.

ಓದುಗರೇ, ನೀವು ಈಗಾಗಲೇ ನಗುತ್ತಿದ್ದೀರಿ. ನನಗೆ ಗೊತ್ತಾಗಲು ಮೂರು ವಾರ ಬೇಕಾಯಿತು.

ಎರಡು ರವಿವಾರ, ಮೂರು ರಜೆ, ಎಂಟು ಬಸ್ಸು. ಹೋದಲ್ಲೆಲ್ಲ ಏನು ಮರ್ಯಾದೆ! ಕೆರೂರಿನಲ್ಲಿ ಹೋಗಿ ಕೂತ ಐದೇ ನಿಮಿಷಕ್ಕೆ ಶೇಂಗಾ ಹೋಳಿಗೆ, ಮೇಲೆ ತುಪ್ಪ. ಸಸ್ಯಶಾಸ್ತ್ರ ಓದಿದ ಆ ಹುಡುಗ ಅಪ್ಪನ ಅರಿವೆ ಅಂಗಡಿಯಲ್ಲಿದ್ದ. "ಓದಿದ್ದು ಕೆಲಸಕ್ಕ ಬರತೈತೇನು?" ಎಂದರೆ, "ಸೀರಿ ಮ್ಯಾಲಿನ ಹೂವು ಯಾವುದಂತ ಗಿರಾಕಿಗೆ ಹೇಳತೇನ್ರಿ" ಎಂದ. ಐದು ಮಾರ್ಕು. ಬಾದಾಮಿಯಲ್ಲಿ ಗಣಿತದ ಹುಡುಗ ಬಸ್‌ಸ್ಟ್ಯಾಂಡಿನ ಕಂಟ್ರೋಲ್ ರೂಮಿನಲ್ಲಿ ಕೂತಿದ್ದ. "ಬಸ್ಸು ಎಷ್ಟಕ್ಕ ಬರತೈತಿ ಅನ್ನೂದು ಯಾವ ಗಣಿತದಾಗೂ ಇಲ್ರಿ" ಎಂದ. ಹುನಗುಂದದ ಬಿ.ಕಾಂ. ಬ್ಯಾಂಕಿನ ಗುಮಾಸ್ತ. ಸಂಬಳಕ್ಕೆ ಪೂರ್ತಿ ಮೂವತ್ತು! ಸಮಾಧಾನ ಇದೆಯೇ ಎಂದು ಕೇಳಿದೆ. ಅವನು ಬಹಳ ಹೊತ್ತು ಫ್ಯಾನು ನೋಡಿ, "ಮುಂದಿನ ಪ್ರಶ್ನಿ ಕೇಳ್ರಿ" ಎಂದ. ಮುಂದಿನ ಪ್ರಶ್ನೆ ಇರಲಿಲ್ಲ.

ಗುಳೇದಗುಡ್ಡದ ರಂಗವ್ವನವರ ಮಗ ಕಾಶಪ್ಪ ಇತಿಹಾಸದ ಬಿ.ಎ. ಮಗ್ಗದ ಮುಂದೆಯೇ ಕೂತು ಉತ್ತರ ಕೊಟ್ಟ. ಹೊರಡುವಾಗ ರಂಗವ್ವ ಒಳಗಿನಿಂದ ಕುಪ್ಪಸಕ್ಕೆ ಒಂದು ಚೆಂದದ ಖಣ, ಎಲೆ, ಅಡಿಕೆ ತಂದು, "ಮನಿಯವ್ರಿಗೆ ಕೊಡ್ರಿ" ಎಂದು ನನ್ನ ಚೀಲಕ್ಕೆ ಹಾಕಿದರು. "ಎಂದ ತಿಳಸ್ತೀರಿ?" ಎಂದೂ ಕೇಳಿದರು. ಎಲ್ಲರೂ ಅದನ್ನೇ ಕೇಳಿದ್ದರು. ಎಲ್ಲರಿಗೂ ನಾನು ನಿಖರವಾಗಿ ಒಂದೇ ಉತ್ತರ ಕೊಟ್ಟಿದ್ದೆ: "ಜುಲೈ ಐದು, ರವಿವಾರ, ಸಂಜಿ ನಾಕಕ್ಕ ಫೈನಲ್ ಮಾಡತೇನ್ರಿ."

ಮನೆಗೆ ಬಂದು ಖಣ ಕೊಟ್ಟೆ. ಸುಂದರವ್ವ ಅದನ್ನು ತಿರುವಿ ನೋಡಿದಳು.

"ಪ್ರಶ್ನಿ ಕೇಳಾಕ ಹೋದವ್ರಿಗೆ ಖಣ ಯಾಕ ಕೊಟ್ರು?"

"ನಮ್ಮ ಜನಕ್ಕ ವಿಜ್ಞಾನದ ಮ್ಯಾಲೆ ಭಾಳ ಗೌರವ ಐತಿ, ಸುಂದರಾ."

ಆಕೆ ಏನೋ ಹೇಳಲು ಬಾಯಿ ತೆರೆದಳು. ನಾನು ಗ್ರಾಫ್ ಹಾಳೆ ತೆರೆದೆ.

ಜುಲೈ ಐದು ಬಂತು. ಧಾರವಾಡಕ್ಕೆ ಅರ್ಜಿ ಮುಟ್ಟಲು ಜುಲೈ ಹತ್ತು ಕಡೆಯ ದಿನ. ನೀಲಾ ಬೆಳಗಿನಿಂದ ಕಿಟಕಿಯ ಕಲ್ಲುಗಳನ್ನು ಒಂದೊಂದಾಗಿ ಒರೆಸಿಡುತ್ತಿದ್ದಳು. ಫಲಿತಾಂಶ ನನ್ನ ಕೈಯಲ್ಲಿತ್ತು: ಬಿ.ಕಾಂ. ೫೮, ಗಣಿತ ೫೪, ಇತಿಹಾಸ ೪೧, ಸಸ್ಯಶಾಸ್ತ್ರ ೩೭. ಭೂಗರ್ಭಶಾಸ್ತ್ರ ಸೊನ್ನೆ. ನಾಲ್ಕೂ ಊರು ಸುತ್ತಿದರೂ ಅದನ್ನು ಓದಿದವನು ಒಬ್ಬನೂ ಸಿಕ್ಕಿರಲಿಲ್ಲ! ಮಗಳ ಮುಖ ನೋಡಿ ಸೊನ್ನೆಯನ್ನು ಸ್ವಲ್ಪ ಸಣ್ಣದಾಗಿ ಬರೆದಿದ್ದೆ. ಅಷ್ಟೇ ನನ್ನಿಂದಾದದ್ದು.

ಸರಿಯಾಗಿ ನಾಲ್ಕಕ್ಕೆ ಬಾಗಿಲ ಮುಂದೆ ಟಾಂಗಾ ನಿಂತಿತು. ರಂಗವ್ವ, ಕಾಶಪ್ಪ, ಜೊತೆಗೆ ಹಿರಿಯರು ನಾಲ್ವರು. ಕೈಯಲ್ಲಿ ಹಣ್ಣಿನ ಬುಟ್ಟಿ! "ಬರ್ರಿ, ಬರ್ರಿ" ಎಂದೆ. ಫಲಿತಾಂಶ ಕೇಳಲು ಇಷ್ಟು ದೂರ ಬಂದರಲ್ಲ ಎಂದು ಎದೆ ಉಬ್ಬಿತು. ಅವರು ಚಾಪೆಯ ಮೇಲೆ ಕೂಡುವಷ್ಟರಲ್ಲಿ ಹುನಗುಂದದ ಗುರಲಿಂಗಪ್ಪನವರು ಬ್ಯಾಂಕಿನ ಮಗನನ್ನು ಕರೆದುಕೊಂಡು ಒಳಗೆ ಬಂದರು. ಅವರ ಕೈಯಲ್ಲೂ ಹಣ್ಣು! ಹಿಂದೆಯೇ ಕೆರೂರಿನವರು, ಐದು ಜನ, ಎರಡು ಡಜನ್ ಬಾಳೆಹಣ್ಣು.

ಸುಂದರವ್ವ ನನ್ನನ್ನು ಅಡಿಗೆಮನೆಗೆ ಎಳೆದಳು.

"ಏನ್ರಿ ಇದು? ಒಂದ ದಿನಕ್ಕ ಮೂರು ಮನಿತನದವ್ರನ್ನ ಕನ್ಯಾ ನೋಡಾಕ ಕರಸೀರೇನು?"

"ಕನ್ಯಾ? ಯಾವ ಕನ್ಯಾ?"

ಆಗ, ಓದುಗರೇ, ಆಗ ನನ್ನ ಮೂರು ವಾರದ ಸಮೀಕ್ಷೆ ಒಂದೇ ಕ್ಷಣದಲ್ಲಿ ಕಣ್ಣ ಮುಂದೆ ಹಾದುಹೋಯಿತು. ವಯಸ್ಸು ಎಷ್ಟು? ಲಗ್ನ ಆಗೇತೇನು? ಸಂಬಳ ಎಷ್ಟು? ಕಾಯಮ್ಮೇನು? ಮಗಳ ಸಲುವಾಗಿ ವಿಚಾರ ಮಾಡಾಕತ್ತೇನಿ! ಜುಲೈ ಐದಕ್ಕ ಫೈನಲ್! ಬ್ಲೀಚಿಂಗ್ ಪೌಡರಿನಷ್ಟೇ ಬೆಳ್ಳಗಾದೆ.

ನಮ್ಮ ವಾಲ್ವ್‌ಮನ್ ಮುರ್ತುಜಸಾಬ ನೀರಿನ ಟಾಕಿಯ ಕೀಲಿಕೈ ಕೊಡಲು ಅದೇ ಹೊತ್ತಿಗೆ ಬಂದ. ಅವನನ್ನು ಚಹಾದ ಗ್ಲಾಸು ಬೇಡಿ ತರಲು ಓಣಿಗೆ ಅಟ್ಟಿ, ನಾನು ಪಡಸಾಲೆಗೆ ಬಂದೆ. ಅಲ್ಲಿ ಮೂರೂ ಕಡೆಯವರು ಒಬ್ಬರನ್ನೊಬ್ಬರು ಅಳೆಯುತ್ತಿದ್ದರು.

"ತಪ್ಪ ತಿಳಕೋಬ್ಯಾಡ್ರಿ. ಇದು ಲಗ್ನದ ಮಾತಲ್ಲ. ಮಗಳು ಏನು ಓದಬೇಕು ಅನ್ನೂ ಸಮೀಕ್ಷೆ. ಬೇಕಾದ್ರ ನೋಡ್ರಿ!" ಎಂದು ಗ್ರಾಫ್ ಹಾಳೆಯನ್ನು ಎಲ್ಲರ ಮುಂದೆ ಹರವಿದೆ.

ನನ್ನ ಜೀವನದಲ್ಲಿ ನಾನು ಮಾಡಿದ ತಪ್ಪುಗಳನ್ನು ಗ್ರಾಫಿಗೆ ಇಳಿಸಿದರೆ ಅತಿ ಎತ್ತರದ ಗೆರೆ ಇದೇ.

"ಕಾಶಪ್ಪ, ನಲವತ್ತೊಂದು?" ರಂಗವ್ವ ಕನ್ನಡಕ ಏರಿಸಿದರು. "ನನ್ನ ಮಗಗ ಮಾರ್ಕು ಹಾಕೀರಿ?"

"ನಮ್ಮ ಹುಡುಗಗ ಸಮಾಧಾನಕ್ಕ ಸೊನ್ನಿ ಯಾಕ್ರಿ?" ಗುರಲಿಂಗಪ್ಪ ಗುಡುಗಿದರು. "ಅವಗೇನು ಕಡಿಮಿ ಮಾಡೇವಿ ನಾವು?"

ಬ್ಯಾಂಕಿನ ಹುಡುಗ ಫ್ಯಾನು ಹುಡುಕಿದ. ನಮ್ಮ ಮನೆಯಲ್ಲಿ ಫ್ಯಾನಿರಲಿಲ್ಲ.

"ನಮ್ಮ ಹುಡುಗರನ್ನ ಏಳು ಪ್ರಶ್ನಿ ಕೇಳೀರಿ" ಎಂದರು ರಂಗವ್ವ. "ಈಗ ನಾವು ಕೇಳತೇವಿ. ಕೂಡ್ರಿ ಹಿಂಗ ನಡುವ."

ಮೂರು ಬೀಗರ ನಡುವೆ ಚಾಪೆಯ ಮೇಲೆ ಕೂತೆ. ತಲೆ ತಾನಾಗಿಯೇ ಬಗ್ಗಿತು. ಕನ್ಯೆ ನೋಡಲು ಬಂದವರು ಕನ್ಯೆಯ ಅಪ್ಪನನ್ನು ನೋಡತೊಡಗಿದರು!

"ಏನು ಓದೀರಿ?"

"ರಸಾಯನಶಾಸ್ತ್ರ."

"ಸಂಬಳ?" ಹೇಳಿದೆ. "ಹನ್ನೆರಡು ಮಾರ್ಕು" ಎಂದ ಬ್ಯಾಂಕಿನ ಹುಡುಗ. ಅವನ ಮುಖದಲ್ಲಿ ಮೊದಲ ಸಲ ಸಮಾಧಾನ ಕಂಡಿತು.

"ನೌಕರಿ ಕಾಯಮ್ಮು?"

"ಕಾಯಮ್ಮು." ಇಪ್ಪತ್ತು.

"ಓದಿದ್ದು ಕೆಲಸಕ್ಕ ಬರತೈತಿ?"

"ದಿನಕ್ಕ... ಐದು ನಿಮಿಷ." ಎರಡು.

"ಮನಿ ಹಿರ್ಯಾರ ಒಪ್ಪಿಗಿ ಇತ್ತೇನು?"

"ಅವರದ ಒಪ್ಪಿಗಿ ಇತ್ರಿ. ನನ್ನದಿರಲಿಲ್ಲ. ನನಗ ಸಸ್ಯಶಾಸ್ತ್ರ ಬೇಕಿತ್ತು. ಗಿಡ ಓದಿದವ್ರಿಗೆ ಯಾರು ನೌಕರಿ ಕೊಡತಾರ ಅಂದ್ರು ನಮ್ಮಪ್ಪ."

ಗ್ಲಾಸು ಹಿಡಿದು ಬಾಗಿಲಲ್ಲಿ ನಿಂತಿದ್ದ ಮುರ್ತುಜಸಾಬ ಬಾಯಿ ಹಾಕಿದ: "ಖರೆ ಅದರೀ. ಸಾಹೇಬ್ರು ಟಾಕಿ ಹಿಂದ ನಲವತ್ತು ಗಿಡ ಹಚ್ಚ್ಯಾರ. ಒಂದೊಂದಕ್ಕೂ ತಗಡಿನ ಮ್ಯಾಲೆ ಲ್ಯಾಟಿನ್ ಹೆಸರು ಬರದಾರ. ಪೌಡರ್ ಹಾಕಾಕ ಐದು ನಿಮಿಷ, ಗಿಡದ ಕಡೆ ಮೂರು ತಾಸು!"

"ಹಂಗಾರ ಏಳನೇದು" ಎಂದರು ರಂಗವ್ವ, ದನಿ ತಗ್ಗಿಸಿ. "ನೌಕರಿಯಾಗ ಸಮಾಧಾನ ಐತೇನು?"

ನಾನು ಮೇಲೆ ನೋಡಿದೆ. ಅಲ್ಲಿ ಬರೀ ಜಂತಿ ಇತ್ತು. "ಮದುವಿ ಆದವ್ರ ಉತ್ತರ ಲೆಕ್ಕಕ್ಕಿಲ್ರಿ" ಎಂದೆ. ಅಡಿಗೆಮನೆಯಲ್ಲಿ ಪಾತ್ರೆ ಸದ್ದಾಯಿತು. ಆ ವಾಕ್ಯಕ್ಕೆ ನಾನು ಮುಂದೆ ಎರಡು ವಾರ ಬೆಲೆ ತೆತ್ತೆ.

"ಸೊನ್ನಿ ಬರಕೋ" ಎಂದರು ಗುರಲಿಂಗಪ್ಪ. ಒಟ್ಟು ಮೂವತ್ತನಾಲ್ಕು. ಒಂದು ಮಾರ್ಕಿನಿಂದ ನಪಾಸು!

"ಪಾಪ, ಒಂದು ಮಾರ್ಕು ಗ್ರೇಸ್ ಕೊಡೋಣೇನು?" ಎಂದರು ರಂಗವ್ವ.

"ಬ್ಯಾಡ್ರಿ!" ಒಳಗಿನಿಂದ ಸುಂದರವ್ವನ ದನಿ.

ನೀಲಾ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಳು. ಎಲ್ಲರಿಗೂ ಕೊಟ್ಟು ಹಾಳೆಯ ಮೇಲೆ ಬಾಗಿದಳು.

"ಅಪ್ಪಾ, ಭೂಗರ್ಭಶಾಸ್ತ್ರಕ್ಕ ಸೊನ್ನಿ ಯಾಕ?"

"ನಾಕೂ ಊರಾಗ ಓದಿದವ ಒಬ್ಬನೂ ಸಿಗಲಿಲ್ಲವ್ವಾ."

"ಇಳಕಲ್ಲಿನಾಗ ಎಷ್ಟು ಕಲ್ಲಿನ ಗಣಿ ಅದಾವು? ನೀರಿಗೆ ಬೋರು ಎಲ್ಲಿ ಹೊಡಿಬೇಕಂತ ನಿಮ್ಮ ಆಫೀಸಿನ್ಯಾಗ ಯಾರು ಹೇಳತಾರ?"

"ತೆಂಗಿನಕಾಯಿ ಹಿಡಕೊಂಡು ಒಬ್ಬಾಂವ ಬರತಾನ" ಎಂದ ಮುರ್ತುಜಸಾಬ.

"ಮತ್ತ? ಅದು ಸೊನ್ನಿ ಅಲ್ಲಪ್ಪಾ. ಕೆಲಸ ಐತಿ, ಮಾಡಾವ್ರಿಲ್ಲ ಅಂತ ಅರ್ಥ. ಮಾಹಿತಿ ಇಲ್ಲದಲ್ಲಿ ಸೊನ್ನಿ ಬರೀಬಾರದು, ಖಾಲಿ ಬಿಡಬೇಕು ಅಂತ ನನಗ ಕಲಿಸಿದವ್ರ ನೀವು."

ಹೌದು, ಒಂಬತ್ತನೆಯ ಇಯತ್ತೆಯಲ್ಲಿ, ಇದೇ ಚಾಪೆಯ ಮೇಲೆ. ನಾನು ರಬ್ಬರು ತೆಗೆದುಕೊಂಡು ಸೊನ್ನೆ ಅಳಿಸಿದೆ. ರಂಗವ್ವ ನಕ್ಕರು. "ಹುಡುಗಿ ಶಾಣ್ಯಾಕಿ ಅದಾಳ. ಓದ್ಲಿ ಬಿಡ್ರಿ" ಎಂದು ಹಣ್ಣಿನ ಬುಟ್ಟಿಯನ್ನು ನೀಲಾಳ ಕಡೆ ಸರಿಸಿದರು. ಮೂರೂ ಕಡೆಯವರು ಒಟ್ಟಿಗೇ ಬಸ್‌ಸ್ಟ್ಯಾಂಡಿಗೆ ಹೊರಟರು. ದಾರಿಯುದ್ದಕ್ಕೂ ನನ್ನ ಮಾರ್ಕಿನ ಬಗ್ಗೆಯೇ ಮಾತಾಡಿ ಆತ್ಮೀಯರಾದರಂತೆ.

ಅವರು ಹೋದ ಮೇಲೆ ನಾನು ಎದ್ದು ನಿಂತು ಗಂಭೀರವಾಗಿ ಹೇಳಿದೆ: "ನೀಲಾ, ಅರ್ಜಿ ತಗೊಂಡ ಬಾ. ಸಹಿ ಮಾಡತೇನಿ. ಓದು ನಿನ್ನ ಭೂಗರ್ಭಶಾಸ್ತ್ರ!" ಇಂಥ ಔದಾರ್ಯಕ್ಕೆ ಕಣ್ಣೀರು ನಿರೀಕ್ಷಿಸಿದ್ದೆ.

ನೀಲಾ ಅವ್ವನ ಕಡೆ ನೋಡಿದಳು. ಅವ್ವ ಸೀರೆಯ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಅರ್ಜಿ ಹೋಗಿ ಹದಿನಾರು ದಿವಸ ಆತ್ರಿ" ಎಂದಳು ಸುಂದರವ್ವ. "ಹದಿಮೂರಕ್ಕ ಪಾಲಕರ ಜೋಡಿ ಬರ್ರಿ ಅಂತ ನಿನ್ನಿ ಕಾಲೇಜಿನ ಕಾರ್ಡೂ ಬಂದೈತಿ."

"ಸಹಿ? ಪಾಲಕರ ಸಹಿ ಯಾರು ಮಾಡಿದ್ರು?"

"ನೀವ! ಪ್ರಶ್ನಿ ಬರಕೋತ ಕುಂತಿದ್ರಿ. ಇಲ್ಲೊಂದು ಸಹಿ ಮಾಡ್ರಿ ಅಂದೆ. ತಲಿ ಎತ್ತಲಿಲ್ಲ. ಹ್ಞೂಂ ಅಂದ್ರಿ, ಮಾಡಿದ್ರಿ."

ಮತ್ತೆ ಚಾಪೆಯ ಮೇಲೆ ಕೂತೆ. ಎದುರಿಗೆ ಗ್ರಾಫ್ ಹಾಳೆ. ನಾನು ಸೊನ್ನೆ ಅಳಿಸಿದ ಸಾಲಿನಲ್ಲಿ, ಆರನೆಯ ಪ್ರಶ್ನೆಯ ಖಾನೆಯಲ್ಲಿ, 'ಮನೆಯ ಹಿರಿಯರ ಒಪ್ಪಿಗೆ ಇತ್ತೇ?' ಎಂಬುದರ ಕೆಳಗೆ, ನೀಲಾ ಪೆನ್ಸಿಲ್ ತೆಗೆದುಕೊಂಡು ಅಚ್ಚುಕಟ್ಟಾಗಿ ತುಂಬಿದಳು:

'ಇತ್ತು. ಸಹಿ ಸಮೇತ.'