ಅಮಾವಾಸ್ಯೆಯ ಟಿಕೆಟ್

ದೇವರು ನನ್ನ ಬೇಡಿಕೆಗಳನ್ನು ಈಡೇರಿಸುತ್ತಾನೆ, ಆದರೆ ನಾನು ತೋರಿಸಿದ ದಾರಿಯಲ್ಲಿ ಮಾತ್ರ ಬರುವುದಿಲ್ಲ. ಇದು ನನಗೆ ಖಾತ್ರಿಯಾದದ್ದು ಅಮೆರಿಕದ ಹ್ಯೂಸ್ಟನ್ ಬಳಿ ನಾನು ವಾರವಾರ ಹೋಗುವ ಪೇರ್‌ಲ್ಯಾಂಡಿನ ದೇವಸ್ಥಾನದಲ್ಲಲ್ಲ, ಚೀನಾದ ಶಿಯಾನ್ ಊರಿನ ಒಂದು ಅಗ್ಗದ ವಸತಿಗೃಹದಲ್ಲಿ.

ಮಗಳು ಸ್ಮಿತಾ ಆಸ್ಟಿನ್ನಿನಲ್ಲಿ ಓದು ಮುಗಿಸಿದ್ದಳು. ಕೆಲಸಕ್ಕೆ ಸೇರಿಕೊಳ್ಳುವ ಮೊದಲು ಗ್ವಿಲಿನ್ ಎಂಬಲ್ಲಿ ನದಿಯ ಪಕ್ಕದಲ್ಲೇ ಎದ್ದು ನಿಂತಿರುವ ಬೆಟ್ಟಗಳನ್ನು ನೋಡಬೇಕು, ಅದೂ ಬೆನ್ನಿಗೆ ಚೀಲ ಹಾಕಿಕೊಂಡು, ಎಂಬುದು ಅವಳ ಬಹುದಿನದ ಆಸೆ. ಒಬ್ಬಳನ್ನೇ ಕಳಿಸಲು ಧೈರ್ಯ ಸಾಲದೆ ನಾನೂ ಹೊರಟೆ. "ನಮ್ಮೂರು ಸೈಪ್ರೆಸ್‌ನಿಂದ ದೇವಸ್ಥಾನಕ್ಕೆ ಹೋಗೋಕೇ ನಿನಗೆ ಕಾರಲ್ಲಿ ದಿಂಬು ಬೇಕು, ಬೆನ್ನಿಗೆ ಚೀಲ ಬೇರೆ!" ಎಂದು ಯಜಮಾನರು ನಕ್ಕರು. ಆ ಚೀಲದಲ್ಲಿ ಬಟ್ಟೆಗಿಂತ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜೇ ಹೆಚ್ಚು. ಮೇಲಿನ ಜೇಬಿನಲ್ಲಿ ಪುಟ್ಟ ಗಣಪತಿ, ಪಕ್ಕದಲ್ಲಿ ಪಂಚಾಂಗ.

ಎಡವಟ್ಟಾದದ್ದು ಆ ಪಂಚಾಂಗದಿಂದಲೇ. ನಾವು ಶಿಯಾನ್ ತಲುಪಿದಾಗ ಚೀನೀಯರ ಹೊಸ ವರ್ಷದ ರಜೆ. ಇಡೀ ದೇಶವೇ ರೈಲು ಹತ್ತಿ ಊರಿಗೆ ಹೊರಟಿತ್ತು. ಕಾಲೇಜಿನಲ್ಲಿ ಕಲಿತ ಚೂರುಪಾರು ಚೀನೀ ಭಾಷೆಯಲ್ಲಿ ಗೋಗರೆದು ಸ್ಮಿತಾ ಗ್ವಿಲಿನ್‌ಗೆ ಎರಡು ಟಿಕೆಟ್ ತಂದಳು, ಹೊಸ ವರ್ಷದ ಹಿಂದಿನ ದಿನಕ್ಕೆ. ನೋಡಿದರೆ ಅಮಾವಾಸ್ಯೆ!

"ಅವತ್ತು ಹೊರಡೋದು ಬೇಡ ಕಣೇ."

"ಅಮ್ಮಾ, ವಿ ಆಲ್‌ರೆಡಿ ಲೆಫ್ಟ್ ಹ್ಯೂಸ್ಟನ್!"

"ರಾತ್ರಿ ಮಲಗಿದ ಮನೆಯ ಹೊಸ್ತಿಲು ದಾಟಿದರೆ ಹೊಸದಾಗಿ ಹೊರಟ ಹಾಗೇನೇ."

ಅಮಾವಾಸ್ಯೆಯೇ ಶುಭದಿನ ಎನ್ನುವ ತಮಿಳು ಗೆಳತಿಯೊಬ್ಬಳು ಪೇರ್‌ಲ್ಯಾಂಡಿನಲ್ಲಿ ನನಗಿದ್ದಾಳೆ. ಅವಳ ಮಾತು ಆಗ ನೆನಪಾಗಬಾರದಿತ್ತೇ? ಟಿಕೆಟ್ ವಾಪಸ್ ಕೊಡಿಸಿದೆ. ಆಮೇಲೆ ವಿಚಾರಿಸಿದರೆ, ನಮ್ಮ ವಾಪಸ್ ವಿಮಾನದ ದಿನದವರೆಗೂ ಬೇರೆ ಯಾವ ದಿನಕ್ಕೂ ಟಿಕೆಟ್ಟೇ ಇಲ್ಲ. ನಾವು ಬಿಟ್ಟ ಆ ಅಮಾವಾಸ್ಯೆಯ ರೈಲು ಮಾತ್ರ, ಅಷ್ಟರಲ್ಲಿ ಎಲ್ಲರೂ ಮನೆ ಸೇರಿರುತ್ತಾರಾದ್ದರಿಂದ, ಅರ್ಧ ಖಾಲಿ ಹೋಗುತ್ತದಂತೆ. ಆದರೂ ಅವತ್ತು ಹೊಸ್ತಿಲು ದಾಟಲು ನಾನು ಒಪ್ಪಲಿಲ್ಲ. ಸ್ಮಿತಾ ಬೆಟ್ಟಗಳ ನಕ್ಷೆಯನ್ನು ಮಡಚಿ ಚೀಲದ ತಳಕ್ಕೆ ತುರುಕಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಮಾವಾಸ್ಯೆಯ ದಿನ ವಸತಿಗೃಹದ ಒಡತಿ ನೆಲ ಗುಡಿಸಿ, ತೀರಿಹೋದ ಹಿರಿಯರ ಫೋಟೋ ಮುಂದೆ ಹಣ್ಣಿಟ್ಟು ಊದುಬತ್ತಿ ಹಚ್ಚಿದಳು. ನಾವೂ ಹಿರಿಯರನ್ನು ನೆನೆಯುವ ದಿನವೇ ಅಲ್ಲವೇ? ತಟ್ಟೆಯಲ್ಲಿ ಒಂದಿಷ್ಟು ಅವಲಕ್ಕಿ, ಬೆಲ್ಲ ಹಿಡಿದು ಹೋಗಿ ನಿಂತೆ. ಅವಳು ಏನೆಂದು ಕೇಳಲಿಲ್ಲ; ಹಣ್ಣಿನ ಪಕ್ಕ ಇಟ್ಟು ನನ್ನ ಕೈ ಅದುಮಿದಳು. ಆಮೇಲೆ ನಮ್ಮನ್ನೂ ಹಬ್ಬದೂಟಕ್ಕೆ ಕೂರಿಸಿ, ಮಾಂಸವಿಲ್ಲದ, ಸೊಪ್ಪು ತುಂಬಿದ ಕಡುಬನ್ನು ಬೇರೆ ಬೇಯಿಸಿಕೊಟ್ಟಳು. ಊಟಕ್ಕೆ ಬಂದಿದ್ದ ಅವಳ ತಮ್ಮ ಬಸ್ ಡ್ರೈವರ್. ಸ್ಮಿತಾ ಟಿಕೆಟ್ ಕಥೆಯನ್ನು ನನ್ನ ಮಾನ ಹರಾಜು ಹಾಕುತ್ತಾ ಹೇಳಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಹಬ್ಬ ಕಳೆದ ಕೂಡಲೇ ಗ್ವಿಲಿನ್ ಕಡೆ ಹೊರಡುವ ತನ್ನ ಬಸ್ಸಿನಲ್ಲಿ ಹಿಂದುಗಡೆ ಎರಡು ಸೀಟು ಹಿಡಿದಿಟ್ಟವನೂ ಅವನೇ.

ಸೊಂಟ ಬಿದ್ದುಹೋಯಿತು. ಆದರೆ ಜಿನುಗುವ ಮಳೆಯಲ್ಲಿ, ಒಂದೇ ಒಂದು ದಿನ, ಮಗಳು ಆ ಬೆಟ್ಟಗಳನ್ನು ಕಣ್ತುಂಬ ನೋಡಿದಳು.

"ರೈಲಲ್ಲಿ ಬಂದಿದ್ರೆ ಆ ಊಟ ಸಿಗ್ತಿತ್ತಾ?" ಎಂದೆ.

"ನಿದ್ದೆ ಸಿಗ್ತಿತ್ತು," ಎಂದು ನನ್ನ ಹೆಗಲಿಗೆ ಒರಗಿದಳು.

ಈಗ ಅವಳಿಗೆ ನಮ್ಮ ಮನೆಯಿಂದ ನಾಲ್ಕು ಗಂಟೆ ದಾರಿಯ ಲಾಸ್ ಕೊಲಿನಾಸ್‌ನಲ್ಲಿ ಕೆಲಸ. ಮೊನ್ನೆ ಫೋನ್ ಮಾಡಿ, "ಅಮ್ಮಾ, ಚೈನೀಸ್ ನ್ಯೂ ಇಯರ್ ಹತ್ರ ಅಮಾವಾಸ್ಯೆ ಯಾವತ್ತು?" ಎಂದಳು. ಕೊನೆಗೂ ದೇವರು ಇವಳಿಗೆ ಬುದ್ಧಿ ಕೊಟ್ಟನಲ್ಲ ಎಂದುಕೊಂಡು ಪಂಚಾಂಗ ತೆಗೆದು ದಿನ ಹೇಳಿದೆ.

"ಈ ಸಲ ಅವತ್ತಿಗೇ ಗ್ವಿಲಿನ್‌ಗೆ ಟ್ರೈನ್ ಬುಕ್ ಮಾಡ್ತೀನಿ. ಖಾಲಿ ಇರುತ್ತಲ್ಲ! ನೀನೂ ಬರ್ತೀಯಾ?"

ದಿನ ಚೆನ್ನಾಗಿಲ್ಲದಿದ್ದರೆ ಹಿಂದಿನ ದಿನವೇ ಸಾಮಾನನ್ನು ಹೊಸ್ತಿಲಾಚೆ ಬೇರೆ ಕಡೆ ಇಟ್ಟುಬಿಟ್ಟರೆ ಪ್ರಯಾಣ ಶುರುವಾದಂತೆಯೇ ಎಂದು ನಮ್ಮಮ್ಮ ಹೇಳುತ್ತಿದ್ದಳು. ಬೇಕಾದಾಗ ಬಾರದ ಈ ಜ್ಞಾನೋದಯ ಈಗ ಆಯಿತು.

"ಬುಕ್ ಮಾಡು," ಎಂದೆ. "ನನ್ನ ಅವಲಕ್ಕಿ ಚೀಲಾನ ಹಿಂದಿನ ದಿನವೇ ಸ್ಟೇಷನ್‌ನಲ್ಲಿ ಇಟ್ಟು ಬರೋಣ. ಅದು ಹೊರಟರೆ ನಾನು ಹೊರಟ ಹಾಗೇ."