ಭಾಲ್ಕಿ–ಔರಾದ ವಿಮಾನದ ಒಂದು ತಾಸು

ಭಾಲ್ಕಿ ವಿಮಾನ ನಿಲ್ದಾಣದಿಂದ ಔರಾದ ವಿಮಾನ ನಿಲ್ದಾಣಕ್ಕೆ ಹಾರಲು ಎಂಟು ನಿಮಿಷ ಸಾಕು ಎಂಬ ವರದಿಯನ್ನು ಜಿಲ್ಲಾ ವಿಮಾನಯಾನ ಸಮಿತಿಯು ಸರ್ವಾನುಮತದಿಂದ ತಿರಸ್ಕರಿಸಿತು. ಒಂದು ತಾಸಿಗಿಂತ ಕಡಿಮೆ ಹಾರಿದರೆ ಸರ್ಕಾರದ ಸಹಾಯಧನವಿಲ್ಲ, ಮತ್ತು ವಿಮಾನ ಕಂಪನಿಯ ಮಾಲೀಕರು ಸಮಿತಿ ಅಧ್ಯಕ್ಷರ ಖಾಸಾ ಅಳಿಯಂದಿರು. ಆದ್ದರಿಂದ, "ತಾಲೂಕಿನಿಂದ ತಾಲೂಕಿಗೆ ಹೋಗುವ ವಿಮಾನವು ಜಿಲ್ಲಾ ಕೇಂದ್ರವನ್ನು ಗೌರವಿಸತಕ್ಕದ್ದು" ಎಂಬ ನಿಯಮ ಬಂತು. ಗೌರವ ಅಂದರೆ ತಾಸು ತುಂಬುವ ತನಕ ಬೀದರ ಕೋಟೆ, ಔರಾದ, ಮತ್ತೆ ಬೀದರ ಕೋಟೆ ಅಂತ ಗಾಣದೆತ್ತಿನ ಹಾಗೆ ಸುತ್ತುವುದು. ಗಾಣ ಸುತ್ತಿದರೆ ಎಣ್ಣೆಯಾದರೂ ಬರುತ್ತದೆ.

ಭಾಲ್ಕಿಯ ಗುರಮ್ಮನಿಗೆ ಈ ನಿಯಮದ ಗಂಧಗಾಳಿಯಿರಲಿಲ್ಲ. ಔರಾದಕ್ಕೆ ಕೊಟ್ಟ ಮಗಳು ವಿಜಯಶ್ರೀಯ ಕುಬಸ, ಹನ್ನೊಂದಕ್ಕೆ ಗಳಿಗೆ. ತಾಯಿಯಾದವಳು ತವರಿನ ಹಸಿರು ಸೀರೆ ಉಡಿಸಿ ಮೊದಲ ಉಡಿ ತುಂಬಬೇಕು; ಚೊಚ್ಚಲ ಬಸಿರು ಬೇರೆ. ಬಸ್ಸಿಗೇ ಹೊರಟಿದ್ದಳು ಪಾಪ, ಬೀಗ ಶಿವರಾಜಪ್ಪ ಫೋನು ಮಾಡಿದ.

"ಬೀಗತಿಯವರು ವಿಮಾನದಾಗ ಬರ್ತಾರಂತ ಊರಿಗೆಲ್ಲ ಹೇಳೀನ್ರಿ. ಬಸ್ಸಿನಾಗ ಬಂದ್ರ ನಾ ಮಂದಿಗಿ ಮಾರಿ ಹ್ಯಾಂಗ ತೋರಸ್ಲಿ?"

ನಿಲ್ದಾಣದಲ್ಲಿ ಬುತ್ತಿ, ಸೀರೆ ಕಟ್ಟಿದ್ದ ಗಂಟನ್ನು ತಡೆದರು. ವಿಮಾನದಲ್ಲಿ ಹೊರಗಿನ ಆಹಾರಕ್ಕೆ ಅನುಮತಿಯಿಲ್ಲ. ಹೋಳಿಗೆಯ ತುಪ್ಪ ಹತ್ತಿದ ಸೀರೆಯೂ ಆಹಾರವೇ. ಕಳಿಸಲು ಬಂದಿದ್ದ ನೆರೆಮನೆಯ ಅಕ್ತರಬೀ ಗಂಟನ್ನು ಬಗಲಿಗೇರಿಸಿಕೊಂಡಳು.

"ನೀ ಆರಾಮ ಹಾರ್ಕೋತ ಬಾ ಅಕ್ಕಾ. ನಾ ಜೀಪಿನಾಗ ಹೋಗ್ತೇನಿ."

ಹಸಿರು ನಿಶಾನೆ ತೋರಲು ಬಂದ ಅಧ್ಯಕ್ಷರಿಗೆ ಹಾಕುವ ಮಾಲೆ ತಡವಾದ್ದರಿಂದ ಒಂಬತ್ತರ ವಿಮಾನ ಹತ್ತೂವರೆಗೆ ಎದ್ದಿತು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಕೆಳಗೆ ಬೀಗರ ಮನೆಯ ಹಂದರವೇ ಕಂಡಿತು.

"ಇಳಸ್ರೀ ಯಪ್ಪಾ! ಅದೇ ನಮ್ಮ ಬೀಗರ ಮನಿ!"

ಕಂಪನಿಯ ಅಧಿಕಾರಿ ನಂದಕುಮಾರ ಕೈಮುಗಿದ. "ಅಮ್ಮಾರೇ, ಇದು ನಿಮ್ಮ ಕಣ್ಣಿಗಿ ಔರಾದ. ನಿಯಮದ ಪ್ರಕಾರ ಇನ್ನಾ ಬಂದಿಲ್ಲ."

"ಹಂಗಾರ ಆ ಹಂದರ ಯಾರಪ್ಪಂದು?"

"ಅದಕ್ಕ ಕಂಪನಿ ಜವಾಬ್ದಾರಿ ಇಲ್ರಿ."

ಕೋಟೆ ಬಂತು, ಹಂದರ ಬಂತು, ಮತ್ತೆ ಕೋಟೆ ಬಂತು. ಪ್ರತಿ ಸಲ ಹಂದರ ಬಂದಾಗ ಗುರಮ್ಮ ಸೆರಗು ಬಾಯಿಗೊತ್ತಿ ಕಿಟಕಿ ಬಡಿದಳು. ಹನ್ನೊಂದು ಆಗಿಹೋಯಿತು.

ಕೊನೆಗೆ ನೆಲ ಮುಟ್ಟಿ, ಓಡೋಡಿ ಬೀಗರ ಮನೆಗೆ ಹೋದರೆ ವಿಜಯಶ್ರೀ ಹಸಿರು ಸೀರೆಯುಟ್ಟು, ತುಂಬಿದ ಉಡಿಯಲ್ಲಿ ಕುಳಿತಿದ್ದಾಳೆ. ತಾಯಿಯ ಮಣೆಯ ಮೇಲೆ ಅಕ್ತರಬೀ.

"ನನ್ನ ಮಗಳ ಉಡಿ ಯಾರು ತುಂಬಿದ್ರು?"

"ನಾನೇ ಅಕ್ಕಾ. ಗಳಿಗಿ ನಿಲ್ಲಂಗಿಲ್ಲ ಅಂತ ನಿಮ್ಮ ಅಯ್ಯನೋರೇ ಕೂಡ್ಸಿದ್ರು. ನಾ ಬ್ಯಾಡ ಅಂದೆ."

ಗುರಮ್ಮ ಗೋಳೋ ಎಂದಳು. ಶಿವರಾಜಪ್ಪ ಹಿಗ್ಗಿನಿಂದ ಫೋಟೋ ತೋರಿಸಿದ: ಅಂಗಳದಲ್ಲಿ ಸೊಸೆ, ಮೇಲೆ ವಿಮಾನ.

"ಯಾಕ ಅಳ್ತೀರಿ ಬೀಗತಿಯವರೇ? ಗಳಿಗಿಗಿ ಸರಿಯಾಗಿ ನಮ್ಮ ಮನಿ ಮ್ಯಾಲೇ ಇದ್ರಿ. ಇಡೀ ಔರಾದ ನೋಡ್ಯದ!"

ಪೂಜೆಗೆ ಬಂದ ಅಯ್ಯನೋರು ಹೌದೆಂದರು. ಬಂದ ಮಂದಿ ಹೌದೆಂದಿತು. ಕಂಪನಿಯೂ ಪ್ರಕಟಣೆ ಹೊರಡಿಸಿತು: "ಕುಬಸದ ದಿನ ತಾಯಂದಿರಿಗಾಗಿ ಬೀಗರ ಮನೆಯ ಮೇಲೆ ಹೆಚ್ಚುವರಿ ಸುತ್ತು ಲಭ್ಯ. ಉಡಿ ತುಂಬುವವರು ರಸ್ತೆ ಮಾರ್ಗವಾಗಿ ಬರತಕ್ಕದ್ದು."

ಈಗ ಔರಾದದಲ್ಲಿ, ಜೀಪಿನಲ್ಲಿ ವೇಳೆಗೆ ಸರಿಯಾಗಿ ಬಂದಿಳಿಯುವ ತಾಯಿಯನ್ನು ಕಂಡರೆ ಮಂದಿಗೆ ಕನಿಕರ. ತೊಟ್ಟಿಲ ಕಾರ್ಯಕ್ಕೆ ಹಂದರ ಚೆನ್ನಾಗಿ ಕಾಣುವ ಎಡಗಡೆಯ ಕಿಟಕಿಯೇ ಬೇಕೆಂದು ಗುರಮ್ಮ ನಂದಕುಮಾರನಿಗೆ ಹೇಳಿಟ್ಟಿದ್ದಾಳೆ.