ಗಂಗಾವತಿಯ ಸೂಜಿಗಳು ಮಾತು ಬರಿಸಿದ ಬಗ್ಗೆ ಒಂದು ತಕರಾರು

ಪರಮಮಾನ್ಯ ಸೂಜಿಗಳೇ,

ಕುಕನೂರು ಮಾರುಕಟ್ಟೆಯಲ್ಲಿ ಹತ್ತಿಯ ಹರಾಜಿನ ಸವಾಲು ಕೂಗುವ ಬಾಲಪ್ಪನ ಸಾಷ್ಟಾಂಗ ನಮಸ್ಕಾರಗಳು. ತಾವು ಗಂಗಾವತಿಯ ದವಾಖಾನೆಯಲ್ಲಿ ಸ್ಪಿರಿಟ್ಟಿನ ಸ್ನಾನ ಮುಗಿಸಿ, ಹತ್ತಿಯ ಮೇಲೆ ಕ್ಷೇಮವಾಗಿ ಒರಗಿರುವಿರೆಂದು ನಂಬಿದ್ದೇನೆ. ತಮ್ಮ ಚೂಪಿನ ಬಗ್ಗೆ ನನ್ನ ತಕರಾರಿಲ್ಲ. ತಾವು ಮಾಡಿದ ಉಪಕಾರದ ಬಗ್ಗೆ ಇದೆ.

ಹೋದ ವರ್ಷ, ಅಂದರೆ ೧೯೮೨ರಲ್ಲಿ, ಲಕ್ವಾ ಹೊಡೆದು ನನ್ನ ಬಲಗೈ ಬಿತ್ತು, ಮಾತೂ ನಿಂತಿತು. ಕೈ ಹೋದದ್ದಕ್ಕೆ ನಾನು ಅಳಲಿಲ್ಲ. ಹತ್ತಿಯ ಸುಗ್ಗಿಯಲ್ಲಿ ನನ್ನ ಜಾಗದಲ್ಲಿ ಬೇರೊಬ್ಬ ಸವಾಲು ಕೂಗುವುದು ಮನೆಯವರೆಗೆ ಕೇಳಿಸಿದಾಗ ಮಾತ್ರ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಕೂಗುವವನಿಗೆ ಬಾಯಿಲ್ಲವೆಂದರೆ ಬದುಕಿ ಏನು ಮಾಡುವುದು? ನನ್ನ ಹೆಂಡತಿ ಯಮನೂರಮ್ಮ ಮರುದಿನವೇ ನನ್ನನ್ನು ಗಂಗಾವತಿ ಬಸ್ಸು ಹತ್ತಿಸಿದಳು.

ಕಲಕತ್ತೆಯಲ್ಲಿ ಆಕ್ಯುಪಂಕ್ಚರ್ ಎಂಬ ಸೂಜಿ ಚುಚ್ಚಿ ಗುಣಪಡಿಸುವ ವಿದ್ಯೆ ಕಲಿತು ಬಂದ ಡಾಕ್ಟರರು ತಮ್ಮನ್ನು ನನ್ನ ತಲೆಗೂ ಕಿವಿಗೂ ಚುಚ್ಚಿ, "ಇವರ ಹೆಸರು ಹಿಡದು ಜೋರಾಗಿ ಕರೀರಿ, ಓ ಅನ್ನೂತನಕ ಬಿಡಬ್ಯಾಡ್ರಿ" ಎಂದು ಆಕೆಗೆ ಅಪ್ಪಣೆ ಮಾಡಿದರು. ನಮ್ಮಲ್ಲಿ ಗಂಡನ ಹೆಸರನ್ನು ಬಾಯಲ್ಲಿ ತರುವುದುಂಟೇ ಸ್ವಾಮಿ? ಲಗ್ನವಾಗಿ ಮನೆ ತುಂಬುವಾಗ ಒಡಪು ಕಟ್ಟಿ, ಅದರೊಳಗೆ ಹೆಸರನ್ನು ಸೇರಿಸಿ ಹೇಳಿದ್ದಷ್ಟೇ. ಆಮೇಲೆ ನಾನು ಆಕೆಗೆ ಬರೀ 'ನಮ್ಮನಿಯವ್ರು'. ಹಾಗಾಗಿ ಆಕೆ ಸೆರಗು ಹೊದ್ದು, ನಾಚುತ್ತಾ, ದವಾಖಾನೆಯಲ್ಲೂ ಒಡಪನ್ನೇ ಹೇಳಿದಳು: "ಬಿಳಿಜ್ವಾಳದ ರೊಟ್ಟಿ, ಬದನಿಕಾಯಿ ಪಲ್ಲೆ, ಬಾಲಪ್ಪನವರ ಹೆಸರ ಹೇಳತೀನಿ ಎಲ್ಲಾರ ಮುಂದ ಇಲ್ಲೆ." ಕಾಯುತ್ತಿದ್ದ ರೋಗಿಗಳು ಚಪ್ಪಾಳೆ ತಟ್ಟಿ ಇನ್ನೊಂದು ಕೇಳಿದರು. ಡಾಕ್ಟರರು ಹಣೆ ಒತ್ತಿಕೊಂಡರು. ನಾನು ಗಪ್ಪಾಗಿಯೇ ಇದ್ದೆ.

ಹೀಗೆ ದಿನಕ್ಕೊಂದರಂತೆ ಒಡಪುಗಳೆಲ್ಲ ತೀರಿಹೋದ ಮೇಲೆ, ಊರಿಗೆ ಮರಳುವ ಬಸ್ಸು ತಪ್ಪೀತೆಂಬ ಸಿಟ್ಟಿನಲ್ಲಿ ಆಕೆ ಒಮ್ಮೆ "ಏ ಬಾಲ್ಯಾ, ಓ ಅನ್ನೋ" ಎಂದುಬಿಟ್ಟಳು. ನನಗೆ ಮೈಯೆಲ್ಲ ಉರಿದು, "ಯಾರಿಗೆ ಅಂತಿ ಬಾಲ್ಯಾ?" ಎಂದು ತೊದಲುತ್ತಲೇ ಗದರಿಸಿದೆ. ಗದರಿಸಿದವನು ನಾನೇ ಎಂಬುದು ಆಮೇಲೆ ತಿಳಿಯಿತು. ಆಕೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು, ನಾನೂ ಅತ್ತೆ.

ಕೀರ್ತಿ ತಮಗೆ ಹೋಯಿತು, ಹೋಗಲಿ. ಕೊಪ್ಪಳದ ದೊಡ್ಡ ಡಾಕ್ಟರರು ಮಾತು ತಾನಾಗಿಯೇ ಬರುತ್ತಿತ್ತು ಎನ್ನುತ್ತಾರೆ, ನಮ್ಮ ಓಣಿಯವರು ಬಾಲ್ಯಾ ಎಂದದ್ದಕ್ಕೇ ಬಂತು ಎನ್ನುತ್ತಾರೆ. ನಾನಂತೂ ಆ ಪಂಚಾಯಿತಿಗೆ ಕೂಡುವುದಿಲ್ಲ. ನನ್ನ ಗೋಳು ಬೇರೆ. ಔಷಧಿಯನ್ನು ನಡುವೆ ನಿಲ್ಲಿಸಬಾರದೆಂದು ಯಮನೂರಮ್ಮ ಈಗಲೂ ದಿನಾ ನನ್ನನ್ನು ಬಾಲ್ಯಾ ಎಂದೇ ಕರೆಯುತ್ತಾಳೆ. ನಾನು ಮಾರುಕಟ್ಟೆಯಲ್ಲಿ ದರ ಏರಿಸುತ್ತಿರುವಾಗ ಬುತ್ತಿ ತಂದು ಆಚೆಯಿಂದ ಕೂಗಿದಳೆಂದರೆ, ಖರೀದಿದಾರರೆಲ್ಲ ಒಟ್ಟಾಗಿ ಓ ಎನ್ನುತ್ತಾರೆ. ಆದ್ದರಿಂದ ಹೆಂಡತಿಗೆ ಗಂಡನ ಹೆಸರನ್ನಷ್ಟೇ ಮರೆಸುವ ನರ ಎಲ್ಲಿದೆಯೆಂದು ತಾವು ದಯಮಾಡಿ ಹುಡುಕಿ, ಅಲ್ಲಿಗೆ ಬಿಜಯಂಗೈಯಬೇಕೆಂದು ಬೇಡುತ್ತೇನೆ. ನೋವಾಗದಂತೆ ಚುಚ್ಚಬೇಕು; ಆಕೆ ನನಗಾಗಿ ಬಹಳ ಕಷ್ಟಪಟ್ಟಿದ್ದಾಳೆ.

ಚುಚ್ಚಿಸಿಕೊಂಡೂ ತಮ್ಮ ವಿಶ್ವಾಸಿಯಾಗಿ ಉಳಿದಿರುವ,
ಬಾಲಪ್ಪ, ಕುಕನೂರು

ವಿ.ಸೂ.: ಬಲಗೈ ಇನ್ನೂ ಮೇಲೇಳುತ್ತಿಲ್ಲ, ಇದನ್ನೂ ಎಡಗೈಯಲ್ಲೇ ಬರೆದೆ. ಆದರೂ ತಾವು ದಣಿಯುವುದು ಬೇಡ. ಇನ್ನು ಮುಂದೆ ನನ್ನ ಅಪ್ಪನ ಹೆಸರನ್ನೂ ಸೇರಿಸಿ ಕರೆಯುವುದಾಗಿ ಯಮನೂರಮ್ಮ ಹೇಳಿದ್ದಾಳೆ. ತನ್ನ ಬಾಯಿ ಮುಚ್ಚಲಿಕ್ಕಾದರೂ ನಾನು ಕೈ ಎತ್ತುತ್ತೇನೆಂದು ಆಕೆಯ ನಂಬಿಕೆ.